ಫ್ರೆಂಚ್ ಪ್ರೆಸ್ ಕಾಫಿ: ಒತ್ತೋದು ಕಮ್ಮಿ, ಕಾಯೋದು ಜಾಸ್ತಿ

ಫ್ರೆಂಚ್ ಪ್ರೆಸ್ ಅಂದರೆ ಒಂದು ಜಾಡಿ, ಮುಚ್ಚಳದ ನಡುವಿನಿಂದ ಇಳಿಯುವ ಒಂದು ಕಡ್ಡಿ, ಕಡ್ಡಿಯ ತುದಿಗೊಂದು ಲೋಹದ ಜಾಲರಿ. ನನ್ನ ಮೊದಲ ಪ್ರೆಸ್ ಬಾಳಿದ್ದು ಮೂರೇ ದಿನ. ಮನೆಯಲ್ಲಿ ಫಿಲ್ಟರಿಗೆಂದು ತಂದಿಟ್ಟ ಪುಡಿ ಇತ್ತು, ಚಿಕೋರಿ ಬೆರೆಸಿದ್ದು, ನುಣ್ಣಗೆ ಬೀಸಿದ್ದು. ಯಾವ ಪುಡಿಯಾದರೇನು, ಕಾಫಿಪುಡಿಯೇ ಅಲ್ವಾ ಅಂದುಕೊಂಡು ಅದನ್ನೇ ನಾಲ್ಕು ಚಮಚ ಸುರಿದು, ಬಿಸಿನೀರು ಹಾಕಿ, ಮುಚ್ಚಳ ಇಟ್ಟು ಕಡ್ಡಿ ಒತ್ತಿದೆ. ಅರ್ಧ ದಾರಿಯಲ್ಲಿ ನಿಂತುಬಿಟ್ಟಿತು. ಸ್ವಲ್ಪ ಬಲ ಹಾಕಿದೆ, ಆಮೇಲೆ ಇನ್ನೂ ಸ್ವಲ್ಪ, ಕೊನೆಗೆ ಅಂಗೈ ಊರಿ ಹೆಚ್ಚುಕಮ್ಮಿ ಮೈಭಾರವನ್ನೇ ಬಿಟ್ಟೆ. ಜಾಡಿ ಓರೆಯಾಗಿ ಜಾರಿ ಗೋಡೆಗೆ ಬಡಿಯಿತು. ಗಾಜು, ಕಾಫಿ, ಚರಟ ಎಲ್ಲ ಅಡುಗೆಕಟ್ಟೆಯ ತುಂಬ. ಕೈ ಸುಡದೆ ಉಳಿದದ್ದೇ ಪುಣ್ಯ. ಅಮ್ಮ ಬಂದು ನೋಡಿ, "ಇದಕ್ಕೇನೋ ಅಷ್ಟು ದುಡ್ಡು ಕೊಟ್ಟಿದ್ದು?" ಅಂತ ಒಂದೇ ಮಾತು ಕೇಳಿ, ಒರೆಸೋ ಬಟ್ಟೆ ಕೈಗಿಟ್ಟು, ತಮ್ಮ ಸ್ಟೀಲ್ ಫಿಲ್ಟರಿಗೆ ನೀರು ಕಾಯಿಸೋಕೆ ಹೋದರು.

ಎರಡನೇ ಪ್ರೆಸ್ ತಂದು ಈಗ ನಾಲ್ಕು ವರ್ಷ ಆಯಿತು, ಇನ್ನೂ ಗಟ್ಟಿಯಾಗಿದೆ. ಈ ನಾಲ್ಕು ವರ್ಷದಲ್ಲಿ ನನಗೆ ಗೊತ್ತಾದದ್ದು ಇಷ್ಟೇ: ಈ ಸಾಮಾನಿನ ಹೆಸರೇ ದಾರಿ ತಪ್ಪಿಸುತ್ತದೆ. ಪ್ರೆಸ್ ಅಂದರೆ ಒತ್ತಿ ಹಿಂಡುವುದು ಅಂತ ಅನ್ನಿಸುತ್ತದೆ, ಕಬ್ಬಿನ ಹಾಲಿನ ಗಾಣದ ಹಾಗೆ. ಆದರೆ ಇಲ್ಲಿ ಕಾಫಿ ಆಗುವುದು ನೆನೆಯುವುದರಿಂದ. ಪುಡಿ ಬಿಸಿನೀರಿನಲ್ಲಿ ಮುಳುಗಿ ಕೂತಿರುವ ಆ ಕೆಲವು ನಿಮಿಷಗಳಲ್ಲೇ ರುಚಿಯೆಲ್ಲ ಇಳಿದಿರುತ್ತದೆ. ಕಡ್ಡಿ, ಜಾಲರಿ ಎಲ್ಲ ಇರುವುದು ಲೋಟಕ್ಕೆ ಬಗ್ಗಿಸುವಾಗ ಚರಟ ಬರದಂತೆ ತಡೆಯುವುದಕ್ಕೆ, ಅಷ್ಟೇ.

ನಮ್ಮ ಫಿಲ್ಟರಿನ ಲೆಕ್ಕ ಬೇರೆ. ಅಲ್ಲಿ ಪುಡಿಯನ್ನು ಒತ್ತೊತ್ತಾಗಿ ಕೂರಿಸಿ, ಮೇಲಿಂದ ಸುರಿದ ನೀರು ಅದರೊಳಗೆ ತನ್ನ ಪಾಡಿಗೆ ತಾನು ಇಳಿದು ತೊಟ್ಟು ತೊಟ್ಟಾಗಿ ಕೆಳಗೆ ಬೀಳಬೇಕು. ನೀರು ಬೇಗ ಜಾರಿ ಹೋಗಬಾರದು ಅಂತಲೇ ನುಣ್ಣಗಿನ ಪುಡಿ. ಪ್ರೆಸ್ಸಿನಲ್ಲಿ ನೀರು ಎಲ್ಲೂ ಓಡಿಹೋಗುವುದಿಲ್ಲ, ನೀವು ಬಗ್ಗಿಸುವ ತನಕ ಅಲ್ಲೇ ಇರುತ್ತದೆ. ಹಾಗಾಗಿ ಪುಡಿಯೂ ಬೇರೆ, ಅಳತೆಯೂ ಬೇರೆ, ಬರುವ ಕಾಫಿಯೂ ಬೇರೆ. ಡಿಕಾಕ್ಷನ್ ಥರ ಗಟ್ಟಿ ಬರುವುದಿಲ್ಲ. ಅದು ಬೇಕಿದ್ದರೆ ಫಿಲ್ಟರೇ ಸರಿ, ಸುಮ್ನೆ ಇದಕ್ಕೆ ದುಡ್ಡು ಹಾಕಬೇಡಿ.

ಅಂದಹಾಗೆ, ಫ್ರೆಂಚ್ ಅಂತ ಹೆಸರಿದ್ದರೂ ಇದರಲ್ಲಿ ಇಟಲಿಯವರ ಪಾಲು ಜಾಸ್ತಿ. 1852ರಲ್ಲಿ ಫ್ರಾನ್ಸಿನ ಇಬ್ಬರು ಇಂಥದೊಂದು ಐಡಿಯಾಕ್ಕೆ ಪೇಟೆಂಟ್ ಪಡೆದಿದ್ದರು. ಆದರೆ ಈಗ ನಾವು ನೋಡುವ ರೂಪಕ್ಕೆ ಹತ್ತಿರದ್ದು ಬಂದದ್ದು 1929ರಲ್ಲಿ, ಅಟ್ಟಿಲಿಯೊ ಕಾಲಿಮಾನಿ ಮತ್ತು ಜೂಲಿಯೊ ಮೊನೆಟಾ ಅನ್ನುವ ಇಟಲಿಯವರ ಹೆಸರಿನಲ್ಲಿ. 1958ರಲ್ಲಿ ಅದನ್ನು ಇನ್ನಷ್ಟು ತಿದ್ದಿದ ಫಲಿಯೆರೊ ಬೊಂಡಾನಿನಿ ಕೂಡ ಇಟಲಿ ಮೂಲದವರೇ. ಅದು ತಯಾರಾಗಿ ಜನಪ್ರಿಯವಾದದ್ದು ಮಾತ್ರ ಫ್ರಾನ್ಸಿನಲ್ಲಿ. ಹೆಸರು ಅವರಿಗೆ ಹೋಯಿತು.

ಯಾವುದು ತಗೊಳ್ಳೋದು

ಡಬ್ಬದ ಮೇಲೆ "3 ಕಪ್" "8 ಕಪ್" ಅಂತ ಬರೆದಿರುವುದನ್ನು ನಂಬಬೇಡಿ. ಅವರ ಕಪ್ಪು ಸುಮಾರು 120 ಎಂಎಲ್ ಲೆಕ್ಕ. 3 ಕಪ್ಪಿನದು ಅಂದರೆ 350 ಎಂಎಲ್, ಒಬ್ಬರಿಗೆ ಒಂದು ದೊಡ್ಡ ಮಗ್. ಇಬ್ಬರಿರುವ ಮನೆಗೆ 600 ಎಂಎಲ್ ಬೇಕು. ನೆಂಟರು ಬಂದಾಗ ಇರಲಿ ಅಂತ 1 ಲೀಟರಿನದು ತಂದು, ದಿನಾ ಅದರಲ್ಲಿ ಕಾಲು ಭಾಗ ಮಾತ್ರ ಮಾಡುವವರನ್ನು ನೋಡಿದ್ದೇನೆ. ಅಷ್ಟು ಕಮ್ಮಿ ಹಾಕಿದರೆ ಕಾಫಿ ಬೇಗ ಆರಿಹೋಗುತ್ತದೆ, ಜಾಲರಿ ಕಾಫಿಯ ಮಟ್ಟಕ್ಕೆ ಸರಿಯಾಗಿ ಇಳಿಯುವುದೂ ಇಲ್ಲ.

ಗಾಜಿನದು ನೋಡೋಕೆ ಚೆಂದ, ಒಳಗೆ ಏನಾಗುತ್ತಿದೆ ಅಂತ ಕಾಣುತ್ತದೆ, ಕಲಿಯುವಾಗ ಇದು ದೊಡ್ಡ ಅನುಕೂಲ. ಬೋರೊಸಿಲಿಕೇಟ್ ಗಾಜು ಅಂತ ಬರೆದಿದ್ದರೆ ಕುದಿಯುವ ನೀರು ತಡೆಯುತ್ತದೆ. ಹಾಗಂತ ಫ್ರಿಜ್ಜಿನಿಂದ ತೆಗೆದ ತಣ್ಣನೆ ಜಾಡಿಗೆ ಕುದಿನೀರು ಸುರಿಯಬೇಡಿ. ಎರಡು ಗೋಡೆಯ ಸ್ಟೀಲಿನದು ಒಡೆಯುವ ಭಯವಿಲ್ಲ, ಬಿಸಿಯೂ ಹೆಚ್ಚು ಹೊತ್ತು ಇರುತ್ತದೆ. ಮಕ್ಕಳಿರುವ ಮನೆಗೆ ಅದೇ ವಾಸಿ. ಯಾವುದನ್ನೇ ತಗೊಂಡರೂ ಒಂದು ನೋಡಿ: ಜಾಲರಿಯ ಸುತ್ತ ಇರುವ ಸ್ಪ್ರಿಂಗ್ ಜಾಡಿಯ ಒಳಗೋಡೆಗೆ ಎಲ್ಲ ಕಡೆ ತಾಗಬೇಕು. ಒಂದು ಕಡೆ ಸಂದಿ ಬಿಟ್ಟರೆ ಚರಟವೆಲ್ಲ ಅಲ್ಲಿಂದಲೇ ಮೇಲೆ ಬರುತ್ತದೆ.

ಪುಡಿ, ಇದೇ ಮುಖ್ಯ

ಪ್ರೆಸ್ ಕಾಫಿ ಕೆಡುವುದು ಹೆಚ್ಚಾಗಿ ಪುಡಿಯಿಂದಲೇ.

ಮೊದಲು ಚಿಕೋರಿ. ಅದು ಒಂದು ಗಿಡದ ಬೇರು, ಹುರಿದು ಪುಡಿ ಮಾಡಿದ್ದು, ಕಾಫಿಯೇ ಅಲ್ಲ. ಫಿಲ್ಟರ್ ಕಾಫಿಗೆ ಅದು ಕೊಡುವ ಬಣ್ಣ, ಗಟ್ಟಿತನ ನನಗೂ ಇಷ್ಟ, ಹಾಲಿನ ಜೊತೆ ಅದಕ್ಕೊಂದು ಮಜವೇ ಇದೆ. ಆದರೆ ಪ್ರೆಸ್ಸಿನಲ್ಲಿ ಚಿಕೋರಿ ನೀರು ಕುಡಿದು ಮೆತ್ತಗಾಗಿ ಕೆಸರಿನ ಹಾಗೆ ಜಾಲರಿಗೆ ಮೆತ್ತಿಕೊಳ್ಳುತ್ತದೆ, ಕಡ್ಡಿ ಇಳಿಯುವುದೇ ಇಲ್ಲ. ನನ್ನ ಮೊದಲ ಜಾಡಿ ಹೋದದ್ದು ಹೀಗೆ. ಅಂಗಡಿಯ ಪ್ಯಾಕೆಟ್ ಆದರೆ ಹಿಂದೆ ತಿರುಗಿಸಿ ನೋಡಿ, ಕಾಫಿ ಎಷ್ಟು ಪರ್ಸೆಂಟ್, ಚಿಕೋರಿ ಎಷ್ಟು ಪರ್ಸೆಂಟ್ ಅಂತ ಬರೆದಿರಲೇಬೇಕು. ನಿಯಮದ ಪ್ರಕಾರ ಬೆರಕೆ ಪುಡಿಯಲ್ಲಿ 49 ಪರ್ಸೆಂಟ್ ತನಕ ಚಿಕೋರಿ ಇರಬಹುದು, ಅಂದರೆ ಹೆಚ್ಚುಕಮ್ಮಿ ಅರ್ಧ. ನಮಗೆ ಬೇಕಾದ್ದು ನೂರಕ್ಕೆ ನೂರು ಕಾಫಿ.

ಆಮೇಲೆ ಬೀಸುವ ಹದ. ಕನ್ನಡದಲ್ಲಿ ಇದಕ್ಕೆ ಸರಿಯಾದ ಮಾತೇ ಇದೆ, ತರಿತರಿ. ಇಂಗ್ಲಿಷ್ ವಿಡಿಯೋಗಳಲ್ಲಿ ದಪ್ಪ ಸಮುದ್ರದ ಉಪ್ಪಿನ ಹಾಗೆ ಅನ್ನುತ್ತಾರೆ. ಅದನ್ನು ಕೇಳಿ ನಮ್ಮ ಕಲ್ಲುಪ್ಪನ್ನು ನೆನೆಸಿಕೊಂಡರೆ ಕಥೆ ಮುಗಿಯಿತು, ಅಷ್ಟು ದಪ್ಪವಾದರೆ ಬರೀ ಕಂದು ಬಣ್ಣದ ನೀರು ಬರುತ್ತದೆ. ಬನ್ಸಿ ರವೆ ಅಥವಾ ಇಡ್ಲಿ ರವೆಯ ಹದ ಅಂದುಕೊಳ್ಳಿ. ಎರಡು ಬೆರಳ ನಡುವೆ ತಿಕ್ಕಿದರೆ ಕಾಳು ಕಾಳಾಗಿ ಸಿಗಬೇಕು. ಚಿರೋಟಿ ರವೆಯ ಹದಕ್ಕೆ ಬಂದರೆ ಪ್ರೆಸ್ಸಿಗೆ ನುಣ್ಣಗಾಯಿತು ಅಂತ ಅರ್ಥ.

ಬೆಂಗಳೂರು, ಮೈಸೂರು, ಮಲೆನಾಡಿನ ಊರುಗಳಲ್ಲಿ ಕಣ್ಣೆದುರೇ ಬೀಸಿಕೊಡುವ ಕಾಫಿಪುಡಿ ಅಂಗಡಿಗಳು ಇನ್ನೂ ಇವೆ. ಅಲ್ಲಿ ಹೋಗಿ, "ಅಣ್ಣಾ, ಕಾಲು ಕೆಜಿ, ಚಿಕೋರಿ ಬೇಡ, ಫಿಲ್ಟರಿಗಲ್ಲ, ತರಿತರಿಯಾಗಿ ಬೀಸಿಕೊಡಿ" ಅಂದರೆ ಸಾಕು. ಒಂದು ಸಲ ವಿಚಿತ್ರವಾಗಿ ನೋಡಬಹುದು, ಎರಡನೇ ಸಲದಿಂದ ಅಭ್ಯಾಸ ಆಗುತ್ತದೆ. ಮೆಷಿನ್ನಿನಿಂದ ಮೊದಲು ಬೀಳುವ ಒಂದು ಹಿಡಿಯಲ್ಲಿ ಹಿಂದಿನ ಗಿರಾಕಿಯ ನುಣ್ಣನೆ ಪುಡಿ ಸೇರಿರುತ್ತದೆ, ಅದನ್ನು ಬೇರೆ ಕವರಿಗೆ ಹಾಕಿಸಿಕೊಂಡು ಮನೆಯ ಫಿಲ್ಟರಿಗೆ ಬಳಸಿ.

ಅಲ್ಲಿ ಬೋರ್ಡಿನ ಮೇಲಿನ ಹೆಸರುಗಳು ಗೊತ್ತಿದ್ದರೆ ಕೇಳೋಕೆ ಸುಲಭ. ಪ್ಲಾಂಟೇಶನ್ ಅಂದರೆ ಹಣ್ಣಿನ ಸಿಪ್ಪೆ ಬಿಡಿಸಿ, ತೊಳೆದು ಒಣಗಿಸಿದ ಅರೇಬಿಕಾ. ಚೆರ್ರಿ ಅಂದರೆ ಹಣ್ಣನ್ನು ಹಾಗೇ ಇಡಿಯಾಗಿ ಒಣಗಿಸಿ ಆಮೇಲೆ ಸಿಪ್ಪೆ ತೆಗೆದದ್ದು. ಎಎ, ಎ, ಬಿ ಎಲ್ಲ ಬೀಜದ ಗಾತ್ರದ ಲೆಕ್ಕ, ಎಎ ದೊಡ್ಡದು. ಪಿಬಿ ಅಂದರೆ ಪೀಬೆರಿ, ಹಣ್ಣಿನೊಳಗೆ ಎರಡು ಬೀಜದ ಬದಲು ಒಂದೇ ಬೆಳೆದು ಬಟಾಣಿಯ ಹಾಗೆ ದುಂಡಗಾದದ್ದು. ರೊಬಸ್ಟಾ ಅನ್ನುವುದು ಕಾಫಿಯ ಇನ್ನೊಂದು ಜಾತಿ, ಅದರಲ್ಲಿ ಕೆಫೀನ್ ಅರೇಬಿಕಾದ ಹೆಚ್ಚುಕಮ್ಮಿ ಎರಡು ಪಟ್ಟು, ಕಹಿಯೂ ಜಾಸ್ತಿ. ಹಾಲಿಲ್ಲದೆ ಕುಡಿಯುವುದಾದರೆ ಪ್ಲಾಂಟೇಶನ್ ಎ ಅಥವಾ ಪಿಬಿಯಿಂದ ಶುರು ಮಾಡಿ. ಹಾಲು ಹಾಕುವವರು ಅದಕ್ಕೆ ಕಾಲು ಭಾಗ ರೊಬಸ್ಟಾ ಸೇರಿಸಿಕೊಂಡರೆ ಹಾಲಿನಲ್ಲಿ ಕಾಫಿ ಮುಳುಗಿಹೋಗುವುದಿಲ್ಲ.

ಈಗ ಚಿಕ್ಕಮಗಳೂರು, ಕೊಡಗು, ಸಕಲೇಶಪುರದ ಕಡೆಯ ತೋಟಗಳ ಹೆಸರಿನಲ್ಲೇ 250 ಗ್ರಾಂ ಪ್ಯಾಕೆಟ್ಟುಗಳು ಬರುತ್ತವೆ. ಅದರ ಮೇಲೆ ಎಸ್.795, ಚಂದ್ರಗಿರಿ ಅಂತೆಲ್ಲ ಬರೆದಿರುತ್ತದೆ. ಇವು ಬ್ರ್ಯಾಂಡ್ ಅಲ್ಲ, ಗಿಡದ ತಳಿಗಳು, ಚಿಕ್ಕಮಗಳೂರು ಜಿಲ್ಲೆಯ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಿಂದ ಬಂದವು. ಪ್ಯಾಕೆಟ್ ಮೇಲೆ ಹುರಿದ ದಿನಾಂಕ ಇದೆಯಾ ನೋಡಿ. ಹುರಿದು ಒಂದು ವಾರದಿಂದ ಒಂದು ತಿಂಗಳ ಒಳಗೆ ಬಳಸಿದರೆ ಚೆನ್ನ. ಹುರಿದದ್ದು ತೀರಾ ಕಪ್ಪಗೆ, ಎಣ್ಣೆ ಜಿನುಗುವಷ್ಟು ಇದ್ದರೆ ಪ್ರೆಸ್ಸಿನಲ್ಲಿ ಸುಟ್ಟ ವಾಸನೆಯೇ ಮುಂದೆ ಬರುತ್ತದೆ, ಮೀಡಿಯಂ ಸಾಕು.

ಬೀಜ ತಂದು ಮನೆಯಲ್ಲೇ ಆಗಾಗ ಬೀಸಿಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯದು, ಪುಡಿಯಾದ ಮೇಲೆ ಘಮ ಬೇಗ ಹಾರಿಹೋಗುತ್ತದೆ. ಕೈಯಲ್ಲಿ ತಿರುಗಿಸುವ ಬರ್ ಗ್ರೈಂಡರ್, ಅಂದರೆ ಬ್ಲೇಡಿನ ಬದಲು ಹಲ್ಲುಗಳ ನಡುವೆ ಬೀಜವನ್ನು ಒಂದೇ ಹದಕ್ಕೆ ಅರೆಯುವ ಯಂತ್ರ, ಇದ್ದರೆ ಅದೃಷ್ಟವಂತರು. ಇಲ್ಲದಿದ್ದರೆ ಮಿಕ್ಸಿ ಇದ್ದೇ ಇದೆಯಲ್ಲ. ಚಟ್ನಿ ಜಾರಿನಲ್ಲಿ ಎರಡು ಹಿಡಿ ಬೀಜ ಹಾಕಿ, ಒಂದೊಂದು ಸೆಕೆಂಡ್ ಪಲ್ಸ್ ಕೊಟ್ಟು, ನಡುವೆ ಜಾರ್ ಅಲ್ಲಾಡಿಸುತ್ತ, ಎಂಟು ಹತ್ತು ಸಲದಲ್ಲಿ ನಿಲ್ಲಿಸಿ. ಒಂದೇ ಸಮ ಓಡಿಸಿದರೆ ಪುಡಿ ಬಿಸಿಯಾಗುತ್ತದೆ, ನುಣ್ಣಗೂ ಆಗುತ್ತದೆ. ಹೇಗೆ ಮಾಡಿದರೂ ಮಿಕ್ಸಿಯಲ್ಲಿ ಅರ್ಧ ತರಿ, ಅರ್ಧ ಧೂಳು. ಆ ಧೂಳೇ ಕಾಫಿಯನ್ನು ಕಹಿ ಮಾಡುವುದು, ಲೋಟದ ತಳದಲ್ಲಿ ರಾಡಿ ಕೂರಿಸುವುದು. ಹಿಟ್ಟಿನ ಜರಡಿಯಲ್ಲಿ ಒಂದು ಸಲ ಆಡಿಸಿದರೆ ಧೂಳು ಕೆಳಗೆ, ತರಿ ಮೇಲೆ. ಧೂಳನ್ನು ಬಿಸಾಡಬೇಡಿ, ಅದು ಫಿಲ್ಟರಿಗೆ ಹೇಳಿ ಮಾಡಿಸಿದ ಪುಡಿ. ಇನ್ನೊಂದು: ಜಾರಿನಲ್ಲಿ ನಿನ್ನೆಯ ಬೆಳ್ಳುಳ್ಳಿ ವಾಸನೆ ಉಳಿದಿದ್ದರೆ ಮೊದಲು ಒಂದು ಹಿಡಿ ಅಕ್ಕಿ ಹಾಕಿ ತಿರುಗಿಸಿ ಬಿಸಾಕಿ. ಬೆಳ್ಳುಳ್ಳಿ ಕಾಫಿ ನಾನು ಕುಡಿದಿದ್ದೇನೆ, ನೀವು ಕುಡಿಯುವುದು ಬೇಡ.

ನೀರು

ಕುಡಿಯೋಕೆ ಚೆನ್ನಾಗಿರುವ ನೀರು ಕಾಫಿಗೂ ಚೆನ್ನ. ಬೋರ್‌ವೆಲ್‌ನ ಗಡಸು ನೀರಿನಲ್ಲಿ ಕಾಫಿ ಮಂಕಾಗುತ್ತದೆ, ಹುಳಿ, ಹಣ್ಣಿನ ಘಮ ಎಲ್ಲ ಮುಚ್ಚಿಹೋಗುತ್ತದೆ. ಹಾಗಂತ ಆರ್‌ಓ ಮಾಡಿ ಉಪ್ಪಿನಂಶವೆಲ್ಲ ತೆಗೆದ ನೀರೂ ಚಪ್ಪೆಯೇ. ನಿಮ್ಮ ಮನೆಗೆ ಕಾವೇರಿ ನೀರು ಬಂದರೆ ಅದನ್ನೇ ಸೋಸಿ ಬಳಸಿ.

ಬಿಸಿ ಎಷ್ಟಿರಬೇಕು? ಎಲ್ಲ ಕಡೆ ಬರೆದಿರುತ್ತಾರೆ, ನೀರು ಕುದಿದ ಮೇಲೆ ಅರ್ಧ ನಿಮಿಷ ಬಿಟ್ಟು ಸುರಿಯಿರಿ, 92ರಿಂದ 96 ಡಿಗ್ರಿ ಇರಲಿ ಅಂತ. ಅದು ಸಮುದ್ರಮಟ್ಟದ ಊರಿನವರ ಲೆಕ್ಕ. ಎತ್ತರಕ್ಕೆ ಹೋದಂತೆ ನೀರು ಕಮ್ಮಿ ಬಿಸಿಯಲ್ಲೇ ಕುದಿಯುತ್ತದೆ, ಸುಮಾರು 300 ಮೀಟರಿಗೆ 1 ಡಿಗ್ರಿ ಇಳಿಯುತ್ತದೆ. ಬೆಂಗಳೂರು 900 ಮೀಟರಿನ ಮೇಲಿದೆ, ಇಲ್ಲಿ ನೀರು ಕುದಿಯುವುದೇ 97 ಡಿಗ್ರಿಯ ಹತ್ತಿರ. ಮಡಿಕೇರಿಯಲ್ಲಿ ಇನ್ನೂ ಒಂದು ಡಿಗ್ರಿ ಕಮ್ಮಿ. ಕೆಟಲ್ಲಿನಿಂದ ಜಾಡಿಗೆ ಬೀಳುವಷ್ಟರಲ್ಲಿ ಇನ್ನೆರಡು ಮೂರು ಡಿಗ್ರಿ ಹೋಗಿರುತ್ತದೆ. ಅಂದಮೇಲೆ ಬೆಂಗಳೂರು, ಮೈಸೂರು, ಹಾಸನ, ಮಲೆನಾಡಿನ ಗುಡ್ಡದ ಮೇಲಿನವರು ಕಾಯುತ್ತ ಕೂರಬೇಡಿ, ಕುದಿ ನಿಂತ ಕೂಡಲೇ ಸುರಿಯಿರಿ. ಮಂಗಳೂರು, ಉಡುಪಿ, ಕಾರವಾರದವರು ಅರ್ಧ ನಿಮಿಷ ಬಿಡಿ, ಅಷ್ಟೇ.

ಇನ್ನು ಮಾಡೋಣ

ತಕ್ಕಡಿ ಇದ್ದರೆ ತಗೊಳ್ಳಿ, ಅಡುಗೆಮನೆಯ ಸಣ್ಣ ಡಿಜಿಟಲ್ ತಕ್ಕಡಿ ಸಾಕು. 600 ಎಂಎಲ್ ಜಾಡಿಗೆ 30 ಗ್ರಾಂ ಪುಡಿ, 500 ಎಂಎಲ್ ನೀರು. ಸಣ್ಣ 350ರ ಜಾಡಿಗೆ 18 ಗ್ರಾಂ, 300 ಎಂಎಲ್. ತಕ್ಕಡಿ ಇಲ್ಲ ಅಂದರೆ ತರಿ ಪುಡಿ ಒಂದು ಟೇಬಲ್ ಚಮಚ ಸಮಮಟ್ಟಕ್ಕೆ ಸುಮಾರು 5 ಗ್ರಾಂ ಅಂತ ಲೆಕ್ಕ ಹಿಡಿಯಿರಿ, ಅಂದರೆ ದೊಡ್ಡ ಜಾಡಿಗೆ 6 ಚಮಚ. ಫಿಲ್ಟರಿನ ಅಭ್ಯಾಸ ಇರುವವರಿಗೆ ಇದು ಕಮ್ಮಿ ಅನ್ನಿಸಬಹುದು, ಇನ್ನೊಂದು ಚಮಚ ಹಾಕೋಣ ಅಂತ ಕೈ ತುರಿಸುತ್ತದೆ. ಮೊದಲ ಸಲ ಇಷ್ಟೇ ಹಾಕಿ ನೋಡಿ.

ಕೆಟಲ್ ಇಲ್ಲದಿದ್ದರೂ ನಡೆಯುತ್ತದೆ, ಮೂತಿ ಇರುವ ಪಾತ್ರೆಯಲ್ಲಿ ನೀರು ಕಾಯಿಸಿ. ಸ್ವಲ್ಪ ಬಿಸಿನೀರು ಜಾಡಿಗೆ ಹಾಕಿ, ಸುತ್ತ ಆಡಿಸಿ, ಚೆಲ್ಲಿ. ಕುಡಿಯುವ ಲೋಟಕ್ಕೂ ಅದೇ. ಆಮೇಲೆ ಪುಡಿ ಹಾಕಿ, ಗಡಿಯಾರ ನೋಡಿಕೊಂಡು, ನೀರನ್ನು ಎಲ್ಲ ಕಡೆ ಬೀಳುವಂತೆ ಒಂದೇ ಸಲಕ್ಕೆ ಸುರಿಯಿರಿ. ಒಣ ಪುಡಿ ಎಲ್ಲೂ ಉಳಿಯಬಾರದು. ತಾಜಾ ಕಾಫಿಯಾದರೆ ಬುಸ್ಸಂತ ನೊರೆ ಏಳುತ್ತದೆ, ಹುರಿದಾಗ ಬೀಜದೊಳಗೆ ಹುಟ್ಟಿ ಸಿಕ್ಕಿಕೊಂಡ ಅನಿಲ ಹೊರಗೆ ಬರುತ್ತಿರುವುದು ಅದು. ಅದಕ್ಕೆ ಎರಡು ಬೆರಳು ಜಾಗ ಬಿಡಿ. ನೊರೆಯೇ ಬರಲಿಲ್ಲ ಅಂದರೆ ಪುಡಿ ಹಳೆಯದಾಗಿದೆ.

ಕಡ್ಡಿಯನ್ನು ಪೂರ್ತಿ ಮೇಲಕ್ಕೆಳೆದು ಮುಚ್ಚಳವನ್ನು ಸುಮ್ನೆ ಮೇಲೆ ಇಡಿ, ಬಿಸಿ ಹೋಗದಿರಲಿ ಅಂತ. 4 ನಿಮಿಷ ಮುಟ್ಟಬೇಡಿ.

ನಾಲ್ಕು ನಿಮಿಷಕ್ಕೆ ತೆಗೆದು ನೋಡಿದರೆ ಮೇಲೆ ಪುಡಿಯ ದಪ್ಪ ಪದರ ಕಟ್ಟಿರುತ್ತದೆ, ಹಾಲಿನ ಕೆನೆಯ ಹಾಗೆ. ಚಮಚದ ಬೆನ್ನಿನಿಂದ ಅದನ್ನು ಮೆಲ್ಲಗೆ ಎರಡು ಮೂರು ಸಲ ಒಳಕ್ಕೆ ತಳ್ಳಿ ಕದಡಿ. ಆಗ ಮುಖಕ್ಕೆ ಬರುವ ಘಮಕ್ಕೇ ನಾನು ಬೆಳಿಗ್ಗೆ ಏಳುವುದು. ಪುಡಿ ನಿಧಾನಕ್ಕೆ ತಳಕ್ಕೆ ಇಳಿಯುತ್ತದೆ, ಮೇಲೆ ಕಂದು ನೊರೆ, ಒಂದಷ್ಟು ತೇಲುವ ಚೂರು ಉಳಿಯುತ್ತವೆ. ಎರಡು ಚಮಚ ಹಿಡಿದು ಬೇಳೆ ಬೇಯಿಸುವಾಗ ನೊರೆ ತೆಗೆಯುತ್ತೇವಲ್ಲ, ಹಾಗೆ ಅದನ್ನು ತೆಗೆದುಬಿಡಿ. ಇದು ಮಾಡದಿದ್ದರೂ ಕಾಫಿ ಆಗುತ್ತದೆ. ಮಾಡಿದರೆ ನಾಲಗೆಗೆ ಒರಟು ತಾಗುವುದಿಲ್ಲ.

ಈಗ ಹೆಚ್ಚಿನವರು ಬಿಡುವ ಹೆಜ್ಜೆ. ಇನ್ನೂ 4ರಿಂದ 5 ನಿಮಿಷ ಕಾಯಿರಿ. ಪೂರ್ತಿ 9 ನಿಮಿಷವಾ ಅಂತ ಕೇಳಬೇಡಿ, ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಯೋಕೆ ಇದಕ್ಕಿಂತ ಹೊತ್ತು ಬೇಕು, ಅದನ್ನು ನಾವು ರಾತ್ರಿಯೇ ಹಾಕಿಟ್ಟು ಮಲಗುವವರು. ಕಾದಷ್ಟೂ ಕಹಿಯಾಗುವುದಿಲ್ಲವಾ ಅಂದರೆ, ಪುಡಿ ತರಿತರಿಯಾಗಿದ್ದರೆ ಇಲ್ಲ. ತಳದಲ್ಲಿ ಕೂತ ಪುಡಿಯಿಂದ, ಆರುತ್ತಿರುವ ನೀರಿಗೆ, ಕದಡದೆ ಇಳಿಯುವುದು ತೀರಾ ಕಮ್ಮಿ. ಈ ಹೊತ್ತಿನಲ್ಲಿ ಆಗುವ ಮುಖ್ಯ ಕೆಲಸ ಅಂದರೆ ಸಣ್ಣ ಧೂಳೆಲ್ಲ ತಳಕ್ಕೆ ಕೂರುವುದು. ಕೆರೆಯ ನೀರು ತಿಳಿಯಾಗುವ ಹಾಗೆ. ಇದರ ಬದಲು ಗಡಿಬಿಡಿಯಲ್ಲಿ ಕಡ್ಡಿ ಒತ್ತಿದರೆ ಕೂತಿದ್ದ ಧೂಳೆಲ್ಲ ಮತ್ತೆ ಎದ್ದು ಜಾಲರಿಯೊಳಗಿಂದ ನುಗ್ಗುತ್ತದೆ. ಪ್ರೆಸ್ ಕಾಫಿ ರಾಡಿ ರಾಡಿ ಅಂತ ದೂರುವವರೆಲ್ಲ ಮಾಡುವುದು ಇದನ್ನೇ.

ಕಾದಾಯಿತು. ಮುಚ್ಚಳ ಇಟ್ಟು ಕಡ್ಡಿಯನ್ನು ಇಳಿಸಿ, ಆದರೆ ತಳದ ತನಕ ಬೇಡ. ಜಾಲರಿ ಕಾಫಿಯ ಮೇಲ್ಮಟ್ಟಕ್ಕಿಂತ ಒಂದು ಬೆರಳು ಒಳಗೆ ಹೋದರೆ ಸಾಕು, ಅಲ್ಲೇ ನಿಲ್ಲಿಸಿ. ಅದು ಈಗ ಟೀ ಸೋಸುವ ಜರಡಿ ಇದ್ದ ಹಾಗೆ. ಜಾಡಿಯನ್ನು ಜರ್ರಂತ ಬಗ್ಗಿಸದೆ, ನಿಧಾನಕ್ಕೆ, ಒಂದೇ ಧಾರೆಯಲ್ಲಿ ಲೋಟಕ್ಕೆ ಹಾಕಿ. ಕೊನೆಯ ಎರಡು ಗುಟುಕು ಜಾಡಿಯಲ್ಲೇ ಬಿಡಿ. ಪುಡಿ ತನ್ನ ತೂಕದ ಎರಡರಷ್ಟು ನೀರು ಕುಡಿದಿರುತ್ತದೆ, ಹಾಗಾಗಿ 500 ಹಾಕಿದರೆ ಕೈಗೆ ಸಿಗುವುದು 420ರ ಆಸುಪಾಸು. ಎಲ್ಲಿ ಹೋಯಿತು ಅಂತ ಹುಡುಕಬೇಡಿ.

ನಮ್ಮಲ್ಲಿ ಕಾಫಿ ಅಂದರೆ ಸುಡುಸುಡು ಇರಬೇಕು. ಈ ವಿಧಾನದಲ್ಲಿ ಬರುವುದು ತುಟಿ ಸುಡದ, ತಕ್ಷಣ ಕುಡಿಯಬಹುದಾದ ಕಾಫಿ. ಅದು ಒಗ್ಗದವರು ಜಾಡಿಗೆ ಒಂದು ದಪ್ಪ ಟವಲ್ ಸುತ್ತಿ ಇಡಿ, ಎರಡನೇ ಕಾಯುವಿಕೆಯನ್ನು 2 ನಿಮಿಷಕ್ಕೆ ಇಳಿಸಿ. ಕುಡಿಯದೆ ಉಳಿದದ್ದನ್ನು ಜಾಡಿಯಲ್ಲೇ ಒಂದು ಗಂಟೆ ಬಿಟ್ಟು ಮತ್ತೆ ಬಿಸಿ ಮಾಡುವುದು ಮಾತ್ರ ಬೇಡ. ಕೂಡಲೇ ಫ್ಲಾಸ್ಕಿಗೆ ಹಾಕಿಡಿ.

ಸರಿಬರಲಿಲ್ಲ ಅಂದರೆ

ಬಾಯಿಗೆ ಹುಣಸೆಯ ಥರ ಹುಳಿ ಹೊಡೆದು, ಜೊತೆಗೆ ತೆಳ್ಳಗಿದ್ದರೆ ಪುಡಿಯಿಂದ ರುಚಿ ಪೂರ್ತಿ ಇಳಿದಿಲ್ಲ. ಸ್ವಲ್ಪ ಸಣ್ಣಗೆ ಬೀಸಿ, ಅಥವಾ ನೀರು ನಿಜಕ್ಕೂ ಕುದಿದಿತ್ತಾ ನೋಡಿ. ನಾಲಗೆಯ ಹಿಂದೆ ಕಹಿ ಕೂತು ಬಾಯಿ ಒಣಗಿದ ಹಾಗಾದರೆ ಪುಡಿ ನುಣ್ಣಗಾಯಿತು, ಅಥವಾ ಬೀಜವೇ ತೀರಾ ಕಪ್ಪಗೆ ಹುರಿದದ್ದು. ರುಚಿ ಸರಿಯಿದೆ, ಆದರೆ ಜೋರಿಲ್ಲ ಅನ್ನಿಸಿದರೆ ಪುಡಿಯನ್ನು 2 ಗ್ರಾಂ ಹೆಚ್ಚಿಸಿ, ಹೊತ್ತನ್ನು ಹೆಚ್ಚಿಸಬೇಡಿ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಇಲ್ಲದಿದ್ದರೆ ಯಾವುದರಿಂದ ಏನಾಯಿತು ಅಂತ ತಿಳಿಯುವುದಿಲ್ಲ. ಕಡ್ಡಿ ಬಿಗಿಯಾದರೆ? ಒತ್ತಬೇಡಿ. ಒಂದಿಂಚು ಮೇಲಕ್ಕೆಳೆದು ಮತ್ತೆ ನಿಧಾನಕ್ಕೆ ಇಳಿಸಿ, ಆಗಲೂ ಬಿಗಿ ಇದ್ದರೆ ಕಡ್ಡಿಯನ್ನೇ ಬಿಟ್ಟು ಟೀ ಜರಡಿಯಲ್ಲಿ ಸೋಸಿ ಕುಡಿಯಿರಿ. ಕಾಫಿ ಹೋದರೆ ಹೋಗಲಿ, ಜಾಡಿ ಉಳಿಯಲಿ.

ಹಾಲು ಬೇಕೇ ಬೇಕು ಅನ್ನುವವರಿಗೆ

ನಮ್ಮ ಮನೆಯಲ್ಲಿ ಕರಿ ಕಾಫಿ ಕುಡಿಯುವುದು ನಾನೊಬ್ಬ. ಉಳಿದವರಿಗೆ ಮಾಡುವಾಗ 30 ಗ್ರಾಂ ಪುಡಿಗೆ ನೀರನ್ನು 250 ಎಂಎಲ್‌ಗೆ ಇಳಿಸುತ್ತೇನೆ, ಉಳಿದದ್ದೆಲ್ಲ ಅದೇ ಕ್ರಮ. ಇದಕ್ಕೆ ಸಮಸಮ ಬಿಸಿ ಹಾಲು, ಸಕ್ಕರೆ. ಫಿಲ್ಟರ್ ಕಾಫಿಯ ಹಾಗೆ ಇರುತ್ತದಾ? ಇಲ್ಲ. ಅದಕ್ಕಿಂತ ಹಗುರ, ಕಾಫಿ ಬೀಜದ ಘಮ ಮುಂದೆ. ಅಮ್ಮ ಒಂದು ಗುಟುಕು ಕುಡಿದು "ಪರವಾಗಿಲ್ಲ" ಅಂದರು. ಅವರ ಬಾಯಲ್ಲಿ ಅದು ಪಾಸ್ ಮಾರ್ಕ್ಸ್, ಅದಕ್ಕಿಂತ ಜಾಸ್ತಿ ಅಲ್ಲ.

ಅವರಿಗೆ ನಿಜಕ್ಕೂ ಹಿಡಿಸಿದ್ದು ಬೇರೆ ಉಪಯೋಗ. ತೊಳೆದ ಪ್ರೆಸ್ಸಿಗೆ ಮೂರನೇ ಒಂದು ಭಾಗದಷ್ಟು ಬಿಸಿ ಹಾಲು ಹಾಕಿ, ಮುಚ್ಚಳ ಹಿಡಿದುಕೊಂಡು, ಕಡ್ಡಿಯನ್ನು ಇಪ್ಪತ್ತು ಮೂವತ್ತು ಸಲ ಬೇಗಬೇಗ ಮೇಲೆ ಕೆಳಗೆ ಆಡಿಸಿದರೆ ಹಾಲು ಎರಡು ಪಟ್ಟು ಉಬ್ಬಿ ನೊರೆ ಬರುತ್ತದೆ. ಹಾಲು ಕುದಿಯುತ್ತಿರಬಾರದು, 60 ಡಿಗ್ರಿ ಸಾಕು, ಅಂದರೆ ಪಾತ್ರೆಯನ್ನು ಬರಿಗೈಯಲ್ಲಿ ಒಂದೆರಡು ಸೆಕೆಂಡ್ ಮುಟ್ಟಬಹುದಾದಷ್ಟು. ಈ ನೊರೆಯನ್ನು ಫಿಲ್ಟರ್ ಡಿಕಾಕ್ಷನ್ ಮೇಲೆ ಹಾಕಿದರೆ ಎತ್ತಿ ಎತ್ತಿ ಹೊಯ್ಯುವ ಕಷ್ಟ ಇಲ್ಲ.

ಬೇಸಿಗೆಯಲ್ಲಿ 50 ಗ್ರಾಂ ಪುಡಿಗೆ 500 ಎಂಎಲ್ ತಣ್ಣೀರು ಹಾಕಿ, ಕದಡಿ, ಫ್ರಿಜ್ಜಿನಲ್ಲಿ ರಾತ್ರಿಯಿಡೀ, ಒಂದು 14 ಗಂಟೆ ಇಡಿ. ಬೆಳಿಗ್ಗೆ ಸೋಸಿ ಬಾಟಲಿಗೆ ಹಾಕಿಕೊಂಡರೆ ಮೂರು ನಾಲ್ಕು ದಿನ ಬರುತ್ತದೆ. ಕುಡಿಯುವಾಗ ಅಷ್ಟೇ ನೀರು ಅಥವಾ ಹಾಲು ಬೆರೆಸಿ, ಐಸ್ ಹಾಕಿ. ಇದರಲ್ಲಿ ಹುಳಿ, ಕಹಿ ಎರಡೂ ಕಮ್ಮಿ.

ಕೊಲೆಸ್ಟ್ರಾಲ್ ಇರುವವರಿಗೆ ಒಂದು ಮಾತು. ಕಾಫಿ ಬೀಜದ ಎಣ್ಣೆಯಲ್ಲಿ ಕೆಫೆಸ್ಟಾಲ್ ಅನ್ನುವ ವಸ್ತು ಇದೆ, ಅದು ಎಲ್‌ಡಿಎಲ್ ಅನ್ನು, ಅಂದರೆ ಕೆಟ್ಟ ಕೊಲೆಸ್ಟ್ರಾಲನ್ನು ಏರಿಸುತ್ತದೆ. ಪೇಪರ್ ಫಿಲ್ಟರ್ ಅದನ್ನು ತಡೆಯುತ್ತದೆ, ಪ್ರೆಸ್ಸಿನ ಲೋಹದ ಜಾಲರಿ ತಡೆಯುವುದಿಲ್ಲ. ದಿನಕ್ಕೆ ನಾಲ್ಕೈದು ಮಗ್ ಕುಡಿಯುವವರು, ಮಾತ್ರೆ ತಗೊಳ್ಳುತ್ತಿರುವವರು ಡಾಕ್ಟರನ್ನು ಕೇಳಿಕೊಳ್ಳಿ. ಅಥವಾ ಪ್ರೆಸ್ಸಿನಿಂದ ಬಗ್ಗಿಸುವಾಗ ಒಂದು ಪೇಪರ್ ಫಿಲ್ಟರ್ ಮೂಲಕ ಸೋಸಿ.

ತೊಳೆಯೋದು

ಚರಟವನ್ನು ಸಿಂಕಿಗೆ ಸುರಿಯಬೇಡಿ. ಪ್ಲಂಬರ್ ಬಂದು ಪೈಪ್ ಬಿಚ್ಚಿ ಕಪ್ಪು ಗಟ್ಟಿ ತೋರಿಸಿ ದುಡ್ಡು ಕೇಳಿದ ಮೇಲೆ ನನಗೆ ಬುದ್ಧಿ ಬಂತು. ಜಾಡಿಗೆ ಸ್ವಲ್ಪ ನೀರು ಹಾಕಿ, ಕಲಕಿ, ಟೀ ಜರಡಿಗೆ ಬಗ್ಗಿಸಿ, ಉಳಿದದ್ದನ್ನು ಹಸಿ ಕಸಕ್ಕೋ ಗೊಬ್ಬರದ ಡಬ್ಬಕ್ಕೋ ಹಾಕಿ. ನೇರವಾಗಿ ಕುಂಡದ ಮೇಲೆ ದಪ್ಪಗೆ ಹರಡಿದರೆ ಒಣಗಿ ಹಪ್ಪಳ ಕಟ್ಟಿಕೊಳ್ಳುತ್ತದೆ, ನೀರು ಕೆಳಗೆ ಇಳಿಯುವುದಿಲ್ಲ, ಮಣ್ಣಿಗೆ ಬೆರೆಸಬೇಕು.

ದಿನಾ ಬರೀ ನೀರಲ್ಲಿ ಜಾಲಾಡಿದರೆ ಸಾಲದು. ಕಡ್ಡಿಯ ತುದಿಯನ್ನು ತಿರುಗಿಸಿ ಬಿಚ್ಚಿದರೆ ಜಾಲರಿ, ಸ್ಪ್ರಿಂಗ್, ತಟ್ಟೆ ಎಲ್ಲ ಬೇರೆ ಬೇರೆ ಬರುತ್ತವೆ. ವಾರಕ್ಕೊಂದು ಸಲವಾದರೂ ಹಾಗೆ ಬಿಚ್ಚಿ, ಹಳೆಯ ಟೂತ್ ಬ್ರಶ್ಶಿನಲ್ಲಿ ಸೋಪು ಹಾಕಿ ಉಜ್ಜಿ. ಕಾಫಿಯ ಎಣ್ಣೆ ಅಲ್ಲಿ ಕೂತು ಕಮಟು ವಾಸನೆ ಹಿಡಿಯುತ್ತದೆ, ಆಮೇಲೆ ಎಷ್ಟು ಒಳ್ಳೆಯ ಬೀಜ ತಂದರೂ ಅದೇ ವಾಸನೆ. ಬಿಚ್ಚುವ ಮೊದಲು ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ, ಮತ್ತೆ ಜೋಡಿಸುವಾಗ ಯಾವುದು ಮೇಲೆ ಯಾವುದು ಕೆಳಗೆ ಅಂತ ಮರೆತುಹೋಗುತ್ತದೆ. ವರ್ಷ ಎರಡು ವರ್ಷಕ್ಕೆ ಜಾಲರಿಯ ಅಂಚು ಸೊಟ್ಟಗಾಗಿ ಚರಟ ನುಸುಳೋಕೆ ಶುರುವಾದರೆ ಇಡೀ ಪ್ರೆಸ್ ಬದಲಾಯಿಸಬೇಕಿಲ್ಲ, ಜಾಲರಿ ಬಿಡಿಯಾಗಿ ಸಿಗುತ್ತದೆ, ಗಾಜಿನ ಜಾಡಿಯೂ ಸಿಗುತ್ತದೆ. ತರಿಸುವ ಮೊದಲು ಜಾಡಿಯ ಒಳಗಿನ ಅಗಲ ಸ್ಕೇಲಿನಲ್ಲಿ ಅಳೆದುಕೊಳ್ಳಿ, ಡಬ್ಬದ ಮೇಲಿನ ಕಪ್ಪಿನ ಲೆಕ್ಕ ಇಲ್ಲೂ ಕೈಕೊಡುತ್ತದೆ.